ಚೀನಾದ ಗಣಿಗಳ ಹಳೆಯ ಛಾಯಾಚಿತ್ರಗಳಲ್ಲಿ ಗಣಿಯ ಒಳಭಾಗ ಏಕೆ ಕಾಣುವುದಿಲ್ಲ?

ಪ್ರಶ್ನೆ: ಸರಸ್ವತಿಪುರಂ ಓದುಗಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಾವು ಕೆಲವರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ, ಹಳೆಯ ಛಾಯಾಚಿತ್ರಗಳನ್ನು ಪರದೆಯ ಮೇಲೆ ಹಾಕಿಕೊಂಡು, ಒಂದೊಂದನ್ನೂ ಬಿಡಿಸಿ ನೋಡುವ ರೂಢಿ ಇಟ್ಟುಕೊಂಡಿದ್ದೇವೆ. ಇದುವರೆಗೆ ಅರಮನೆ, ದಸರೆ, ಕನ್ನಂಬಾಡಿ ಕಟ್ಟೆಯ ಕಾಮಗಾರಿ, ಕೋಲಾರದ ಚಿನ್ನದ ಗಣಿ ಇಂಥ ನಮ್ಮ ಸೀಮೆಯ ವಿಷಯಗಳೇ ಆಗಿದ್ದವು. ಮುಂದಿನ ಸರದಿ ನನ್ನದು. ಹೊರದೇಶದ ಗಣಿಗಳನ್ನೂ ನೋಡೋಣ ಎಂದು ಚೀನಾವನ್ನು ಆರಿಸಿಕೊಂಡಿದ್ದೇನೆ. ಸುಮಾರು 1865ರಿಂದ 1915ರವರೆಗೆ, ಅಂದರೆ ಆ ದೇಶಕ್ಕೆ ಉಗಿಯಂತ್ರ, ರೈಲು, ಉಕ್ಕಿನ ಕಾರ್ಖಾನೆ ಒಂದೊಂದಾಗಿ ಬರುತ್ತಿದ್ದ ಕಾಲದ ಚಿತ್ರಗಳು. ಬ್ರಿಸ್ಟಲ್ ವಿಶ್ವವಿದ್ಯಾನಿಲಯದವರು ಅಂತರಜಾಲಕ್ಕೆ ಏರಿಸಿರುವ ಸಂಗ್ರಹವನ್ನೂ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿರುವ ಸಿಡ್ನಿ ಗ್ಯಾಂಬಲ್ ಅವರ ಚಿತ್ರಗಳನ್ನೂ ಸ್ವಲ್ಪ ಸ್ವಲ್ಪವಾಗಿ ನೋಡುತ್ತಿದ್ದೇನೆ.

ನೋಡುತ್ತಾ ಹೋದಂತೆ ಒಂದು ಅನುಮಾನ ಬಲವಾಗುತ್ತಿದೆ. ಗಣಿ ಎಂಬ ಶೀರ್ಷಿಕೆ ಹೊತ್ತ ಚಿತ್ರಗಳಲ್ಲಿ ಹೆಚ್ಚಿನವು ನೆಲದ ಮೇಲಿನವು: ಗಣಿಬಾಯಿಯ ಮೇಲಿನ ಗೋಪುರ, ಹೊಗೆಕೊಳವೆ, ಸಾಹೇಬರ ಬಂಗಲೆ, ಹಳಿಯ ಮೇಲೆ ನಿಂತ ವ್ಯಾಗನ್ನು. ಕಲ್ಲಿದ್ದಲನ್ನು ಕಡಿಯುವ ಜಾಗ, ಕಡಿಯುವ ಕೈ ಕಾಣುವುದು ಬಹಳ ಅಪರೂಪ. ಸರ್ವೆಯ ಚಿತ್ರಗಳಿಗೂ ಒಂದೇ ಅಚ್ಚು. ನನ್ನ ಮುಂದಿರುವ ಒಂದರಲ್ಲಿ ಮುಕ್ಕಾಲಿಯ ಮೇಲೆ ಕೋನ ಅಳೆಯುವ ಥಿಯೋಡಲೈಟ್ ಇದೆ, ಅದರ ಪಕ್ಕದಲ್ಲಿ ಬೆಂಡಿನ ಟೋಪಿ ಹಾಕಿದ ಐರೋಪ್ಯ ನಿಂತಿದ್ದಾನೆ, ಅವನ ಹಿಂದೆ ಪಟ್ಟೆ ಬಳಿದ ಅಳತೆಗೋಲು ಹಿಡಿದ ಇಬ್ಬರು ಚೀನೀ ಸಹಾಯಕರಿದ್ದಾರೆ. ಅವರಲ್ಲಿ ಒಬ್ಬನ ಮುಖ ಅಲುಗಿ ಮಸುಕಾಗಿದೆ. ಶೀರ್ಷಿಕೆಯಲ್ಲಿ ಹೆಸರಿರುವುದು ಟೋಪಿಯವನಿಗೆ ಮಾತ್ರ.

ನನ್ನ ಪ್ರಶ್ನೆ ಇಷ್ಟು. ಒಳಭಾಗ ಕಾಣದಿರುವುದಕ್ಕೆ ಕಾರಣ ಆ ಕಾಲದ ಕ್ಯಾಮೆರಾದ ಮಿತಿಯೋ ಅಥವಾ ತೆಗೆದವರಿಗೆ ಅದು ಬೇಕಾಗಿರಲಿಲ್ಲವೋ? ಇಂಥ ಚಿತ್ರಗಳನ್ನು ಚೀನಾದ ಕೈಗಾರಿಕೆಯ ಚರಿತ್ರೆಗೆ ಸಾಕ್ಷಿಯೆಂದು ಎಷ್ಟರಮಟ್ಟಿಗೆ ನಂಬಬಹುದು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.


ಉತ್ತರ: ಹಳೇ ಡಾರ್ಕ್‌ರೂಮ್, ಕುವೆಂಪುನಗರ

ಮೇಡಂ, ನಾನು ಚರಿತ್ರೆ ಓದಿದವನಲ್ಲ. ಫಿಲಂ ತೊಳೆದು ಬದುಕಿದವನು. ಆದ್ದರಿಂದ ತಾಂತ್ರಿಕ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ, ಮತ್ತು ನಿಮ್ಮ ಪ್ರಶ್ನೆಯ ಬಹುಪಾಲಿಗೆ ಉತ್ತರ ಅಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಸ್ಕಾಟ್ಲೆಂಡಿನ ಜಾನ್ ಥಾಮ್ಸನ್ 1868ರಿಂದ 1872ರವರೆಗೆ ಚೀನಾದಲ್ಲಿ ತಿರುಗಾಡಿ ಚಿತ್ರ ತೆಗೆದಾಗ ಬಳಸಿದ್ದು ಒದ್ದೆ ಕೊಲೋಡಿಯನ್ ವಿಧಾನ. ಗಾಜಿನ ಫಲಕದ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರಾವಣ ಸುರಿದು, ನಾಲ್ಕೂ ಮೂಲೆಗೆ ಹರಿಯುವಂತೆ ಓಲಾಡಿಸಿ, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ತೇವ ಆರುವ ಮೊದಲೇ ಕ್ಯಾಮೆರಾದೊಳಗಿಟ್ಟು ಬೆಳಕು ತೋರಿಸಿ, ಕೂಡಲೇ ಕತ್ತಲೆಯ ಡೇರೆಗೆ ಓಡಿ ತೊಳೆಯಬೇಕು. ಇದಿಷ್ಟೂ ಹತ್ತು ಹದಿನೈದು ನಿಮಿಷದೊಳಗೆ ಮುಗಿಯಬೇಕು. ಡೇರೆ, ಗಾಜು, ರಾಸಾಯನಿಕದ ಬಾಟಲಿ ಎಲ್ಲವನ್ನೂ ಕೂಲಿಯವರು ಹೊತ್ತು ಜೊತೆಯಲ್ಲೇ ನಡೆಯುತ್ತಿದ್ದರು. ಇನ್ನೊಂದು ಸಂಗತಿ: ಕೊಲೋಡಿಯನ್ ಫಲಕ ನೀಲಿ ಬೆಳಕಿಗೆ ಚುರುಕು, ಹಳದಿ ಕೆಂಪು ಬೆಳಕಿಗೆ ಹೆಚ್ಚುಕಡಿಮೆ ಕುರುಡು. ಆ ಕಾಲದ ಚಿತ್ರಗಳಲ್ಲಿ ಆಕಾಶ ಬಿಳಿ ಕಾಗದದಂತೆ ಕಾಣುವುದಕ್ಕೆ ಇದೇ ಕಾರಣ. ಗಣಿಯೊಳಗಿನ ಎಣ್ಣೆದೀಪದ ಬೆಳಕು ಹಳದಿ. ಕಲ್ಲಿದ್ದಲಿನ ಗೋಡೆಯೋ ಬಿದ್ದ ಬೆಳಕನ್ನೆಲ್ಲ ನುಂಗುವಂಥದ್ದು. ಅಂಥಲ್ಲಿ ಎಷ್ಟು ಹೊತ್ತು ಮುಚ್ಚಳ ತೆಗೆದಿಟ್ಟರೂ ಫಲಕದ ಮೇಲೆ ಏನೂ ಮೂಡುವುದಿಲ್ಲ.

ಹಾಗಾದರೆ ಮೆಗ್ನೀಷಿಯಂ ಉರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಮೆರಿಕದ ನೆವಾಡಾದಲ್ಲಿ ತಿಮೊತಿ ಒ'ಸಲಿವನ್ 1867–68ರ ಹೊತ್ತಿಗೇ ಕಾಮ್‌ಸ್ಟಾಕ್ ಬೆಳ್ಳಿಗಣಿಯ ಒಳಗೆ ಹೀಗೆ ಚಿತ್ರ ತೆಗೆದಿದ್ದ. 1887ರಲ್ಲಿ ಜರ್ಮನಿಯಲ್ಲಿ ಫ್ಲಾಶ್ ಪುಡಿ ಬಂದ ಮೇಲೆ ಕೆಲಸ ಇನ್ನಷ್ಟು ಸುಲಭವಾಯಿತು. 1890ರ ದಶಕದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ತವರ, ತಾಮ್ರದ ಗಣಿಗಳೊಳಗಿಂದ ಬಹಳ ಚೆನ್ನಾದ ಚಿತ್ರಗಳು ಬಂದವು. ಆದರೆ ಇವೆಲ್ಲ ಲೋಹದ ಗಣಿಗಳು. ಕಲ್ಲಿದ್ದಲಿನ ಪದರದಿಂದ ಮೀಥೇನ್ ಅನಿಲ ಒಸರುತ್ತದೆ. ಗಣಿಗಾರರು ಒಯ್ಯುತ್ತಿದ್ದ ಡೇವಿಯ ದೀಪಕ್ಕೆ ಬಲೆ ಹೊದಿಸಿದ್ದೇ ಆ ಅನಿಲಕ್ಕೆ ಬೆಂಕಿ ತಗುಲಬಾರದೆಂದು. ಅಂಥ ಜಾಗದಲ್ಲಿ ಬಯಲು ಜ್ವಾಲೆಯ ಮೆಗ್ನೀಷಿಯಂ ಹೊತ್ತಿಸುವುದೆಂದರೆ ಕೈಯಾರೆ ಸಾವನ್ನು ಕರೆದಂತೆ. ಒದ್ದೆ ಫಲಕದ ಕಾಲದಲ್ಲಾದರೆ ಕೊಲೋಡಿಯನ್ನಿನಲ್ಲಿದ್ದ ಈಥರ್ ಆವಿಯೂ ಸೇರಿ ಅಪಾಯ ಇಮ್ಮಡಿ. ಉತ್ತರ ಚೀನಾದ ಟಾಂಗ್‌ಶಾನ್ ಕಲ್ಲಿದ್ದಲು ಗಣಿಯಲ್ಲಿ 1920ರಲ್ಲಿ ಅನಿಲ ಸ್ಫೋಟವಾಗಿ 400ಕ್ಕೂ ಹೆಚ್ಚು ಮಂದಿ ಸತ್ತರು. ಕೋಲಾರದ ಗಣಿ ಚಿನ್ನದ್ದಾದ್ದರಿಂದ ಅಲ್ಲಿಯ ಒಳಚಿತ್ರಗಳೊಂದಿಗೆ ಇವನ್ನು ಹೋಲಿಸಿ, ಚೀನಾದಲ್ಲಿ ಏಕೆ ತೆಗೆಯಲಿಲ್ಲ ಎಂದು ಕೇಳುವುದು ನ್ಯಾಯವಲ್ಲ.

ಆ ಸಹಾಯಕನ ಮಸುಕು ಮುಖದ ಬಗ್ಗೆ ಒಂದು ಮಾತು. ಬೆಳಕು ತೋರಿಸುವ ಹೊತ್ತು ಕೆಲವು ಸೆಕೆಂಡುಗಳಾಗಿದ್ದಾಗ ಅಲುಗದೆ ನಿಂತವನು ಸ್ಪಷ್ಟವಾಗುತ್ತಾನೆ, ಅಲುಗಿದವನು ಮಸುಕಾಗುತ್ತಾನೆ. ಟೋಪಿಯವನಿಗೆ ಚಿತ್ರ ತೆಗೆಸಿಕೊಳ್ಳುವ ಅಭ್ಯಾಸವಿತ್ತು, ಕೋಲು ಹಿಡಿದವನಿಗೆ ಇರಲಿಲ್ಲ. ಇದರಲ್ಲಿ ಅದಕ್ಕಿಂತ ದೊಡ್ಡ ಅರ್ಥ ಹುಡುಕಬೇಕಾಗಿಲ್ಲ.


ಉತ್ತರ: ಗಂಗೋತ್ರಿ ಸಂಶೋಧಕ, ಮೈಸೂರು

ಹಳೇ ಡಾರ್ಕ್‌ರೂಮ್ ಸರ್ ಹೇಳಿದ ಅನಿಲದ ವಿಷಯ ಪೂರ್ತಿ ಒಪ್ಪುವಂಥದ್ದು. ಆದರೆ ಅದು ಅರ್ಧ ಉತ್ತರ ಮಾತ್ರ ಎಂದು ವಿನಯದಿಂದ ಹೇಳಬಯಸುತ್ತೇನೆ. ಗಣಿಬಾಯಿಯಿಂದ ಪಾಳಿ ಮುಗಿಸಿ ಹೊರಬರುವ ಕೆಲಸಗಾರರ ಚಿತ್ರ ತೆಗೆಯಲು ಮೆಗ್ನೀಷಿಯಂ ಬೇಕಿರಲಿಲ್ಲ, ಹಗಲ ಬೆಳಕೇ ಸಾಕಿತ್ತು. ಬೀಜಿಂಗಿನ ಪಶ್ಚಿಮ ಬೆಟ್ಟಗಳ ಮೆಂಟೌಗೌ ಗಣಿಗಳಿಂದ ಕಲ್ಲಿದ್ದಲು ಹೊತ್ತ ಒಂಟೆಗಳು ಫುಚೆಂಗ್‌ಮೆನ್ ಬಾಗಿಲಿನಿಂದ ನಗರದೊಳಗೆ ಬರುತ್ತಿದ್ದ ದೃಶ್ಯವನ್ನು ಎಷ್ಟೋ ಮಂದಿ ಸೆರೆಹಿಡಿದಿದ್ದಾರೆ. ಒಂಟೆ ನೋಡಲು ಚೆಂದ, ಅಂಚೆ ಕಾರ್ಡಿಗೂ ಒಗ್ಗುತ್ತದೆ. ಅದೇ ಕಲ್ಲಿದ್ದಲನ್ನು ತಗ್ಗು ಸುರಂಗಗಳಲ್ಲಿ ಬಗ್ಗಿ ಎಳೆದು ತಂದವರಿಗೆ ಆ ಭಾಗ್ಯವಿರಲಿಲ್ಲ. ಹೀಗಾಗಿ ಈ ಚಿತ್ರ ಯಾರಿಗೆ ಕಳಿಸಲು ತೆಗೆದದ್ದು ಎಂಬ ಪ್ರಶ್ನೆಯನ್ನು ನಾವು ಮೊದಲು ಹಾಕಿಕೊಳ್ಳಬೇಕು.

ವಿದೇಶೀ ಸರ್ವೆಗಾರರ ಸಾಲನ್ನೇ ನೋಡಿ. ಅಮೆರಿಕದ ಭೂವಿಜ್ಞಾನಿ ರಾಫೆಲ್ ಪಂಪೆಲಿ 1863ರಲ್ಲಿ ಚೀನಾಕ್ಕೆ ಹೋಗಿ, ಬೀಜಿಂಗಿನ ಪಶ್ಚಿಮದ ಕಲ್ಲಿದ್ದಲನ್ನು ಪರಿಶೀಲಿಸಿದ. ಜರ್ಮನಿಯ ಫರ್ಡಿನಾಂಡ್ ಫಾನ್ ರಿಶ್ಟ್‌ಹೋಫೆನ್ 1868ರಿಂದ 1872ರವರೆಗೆ ಪ್ರಾಂತದಿಂದ ಪ್ರಾಂತಕ್ಕೆ ಸುತ್ತಿದ. ಈ ಸುತ್ತಾಟದ ಬಹುಭಾಗಕ್ಕೆ ಹಣ ಕೊಟ್ಟವರು ಶಾಂಘೈನ ವಿದೇಶೀ ವರ್ತಕರ ಸಂಘದವರು, ಅವನು ಪತ್ರ ಬರೆದು ವರದಿ ಒಪ್ಪಿಸಿದ್ದೂ ಅವರಿಗೇ. ಶಾನ್‌ಶಿ ಪ್ರಾಂತದ ಕಲ್ಲಿದ್ದಲು ಇಡೀ ಲೋಕಕ್ಕೆ ಸಾವಿರಾರು ವರ್ಷ ಸಾಲುವಷ್ಟಿದೆ ಎಂಬ ಅವನ ಅಂದಾಜು ಲಂಡನ್, ಬರ್ಲಿನ್‌ಗಳಲ್ಲಿ ಕಿವಿ ನಿಮಿರಿಸಿತು. ರೇಷ್ಮೆ ಮಾರ್ಗ ಎಂಬ ಹೆಸರನ್ನು 1877ರಲ್ಲಿ ಪ್ರಚಾರಕ್ಕೆ ತಂದವನೂ ಇವನೇ. ಅವನ ಗ್ರಂಥದ ಬಲವೆಲ್ಲ ನಕ್ಷೆಗಳಲ್ಲಿ, ಬಂಡೆಯ ಪದರಗಳ ಅಡ್ಡಕೊಯ್ತದ ರೇಖಾಚಿತ್ರಗಳಲ್ಲಿದೆ. ಹೂಡಿಕೆದಾರನಿಗೆ ಬೇಕಾದದ್ದು ಪದರ ಎಷ್ಟು ದಪ್ಪ, ಬಂದರು ಎಷ್ಟು ದೂರ ಎಂಬುದು.

1897ರಲ್ಲಿ ಹುಟ್ಟಿದ ಪೀಕಿಂಗ್ ಸಿಂಡಿಕೇಟ್ ಎಂಬ ಲಂಡನ್ನಿನ ಕಂಪನಿ ಮರುವರ್ಷವೇ ಶಾನ್‌ಶಿ ಮತ್ತು ಹೆನಾನ್ ಪ್ರಾಂತಗಳಲ್ಲಿ ಗಣಿಗಾರಿಕೆಯ ಹಕ್ಕು ಪಡೆಯಿತು. ಇಂಥ ಕಂಪನಿಗಳ ಪಾಲಿಗೆ ಚಿತ್ರವೆಂದರೆ ಷೇರುದಾರನ ಮುಂದಿಡುವ ಭರವಸೆಯ ಪತ್ರ. ಯಂತ್ರ ಬಂದಿದೆ, ಹೊಗೆ ಏಳುತ್ತಿದೆ, ನಮ್ಮವನೊಬ್ಬ ಅಲ್ಲಿ ನಿಂತು ನೋಡಿಕೊಳ್ಳುತ್ತಿದ್ದಾನೆ ಎಂದು ಅದು ಹೇಳಬೇಕು. ಶಾನ್‌ಶಿಯ ಜನ ಈ ಹಕ್ಕಿನ ವಿರುದ್ಧ ಚಳವಳಿ ಹೂಡಿ, 1908ರಲ್ಲಿ 27.5 ಲಕ್ಷ ಟೇಲ್ (ಚೀನಾದ ತೂಕದ ಅಳತೆ) ಬೆಳ್ಳಿ ತೆತ್ತು ಅದನ್ನು ಹಿಂದಕ್ಕೆ ಕೊಂಡುಕೊಂಡರು. ಬಂಡವಾಳಗಾರರ ಆಲ್ಬಂನಲ್ಲಿ ಅಂಥ ಚಳವಳಿಯ ಸುಳಿವನ್ನು ನಿರೀಕ್ಷಿಸುವಂತೆಯೇ ಇಲ್ಲ.

ನಿಮ್ಮ ಎರಡನೆಯ ಪ್ರಶ್ನೆ ನಂಬಿಕೆಯದು. ಅದಕ್ಕೆ ಕೈಪಿಂಗ್ ಗಣಿಗಳ ಉದಾಹರಣೆ ಕೊಡುತ್ತೇನೆ, ನಿಮ್ಮ ಗೋಷ್ಠಿಗೂ ಅದೇ ಒಳ್ಳೆಯ ವಿಷಯವಾದೀತು. ಲಿ ಹೊಂಗ್‌ಝಾಂಗ್ ಎಂಬ ಪ್ರಭಾವಿ ಅಧಿಕಾರಿಯ ಆಶ್ರಯದಲ್ಲಿ ತಾಂಗ್ ತಿಂಗ್‌ಶು ಎಂಬ ಕ್ಯಾಂಟನ್ ಸೀಮೆಯ ವರ್ತಕ 1870ರ ದಶಕದ ಕೊನೆಗೆ ಟಾಂಗ್‌ಶಾನ್‌ನಲ್ಲಿ ಈ ಗಣಿಯನ್ನು ಆರಂಭಿಸಿದ. ಬಂಡವಾಳ ಚೀನೀ ವರ್ತಕರದು, ಮೇಲ್ವಿಚಾರಣೆ ಸರ್ಕಾರದ್ದು. ಆರ್. ಆರ್. ಬರ್ನೆಟ್, ಕ್ಲಾಡ್ ಕಿಂಡರ್ ಮುಂತಾದ ಬ್ರಿಟಿಷ್ ಇಂಜಿನಿಯರುಗಳು ಅಲ್ಲಿ ಸಂಬಳದ ನೌಕರರು. 1881ರಲ್ಲಿ ಕಿಂಡರ್ ಒಂದು ಉಗಿಬಂಡಿಯನ್ನು ಗಣಿಯ ವರ್ಕ್‌ಶಾಪಿನಲ್ಲೇ ಕಟ್ಟಿಸಿದ: ಬಾಯ್ಲರು ಭಾರ ಎತ್ತುವ ಹಳೆಯ ಯಂತ್ರದ್ದು, ಚಕ್ರಗಳು ಗುಜರಿಯವು, ಚೌಕಟ್ಟಿನ ಕಬ್ಬಿಣ ಒಂದನೇ ಗಣಿಬಾಯಿಯ ಗೋಪುರದಿಂದ ತೆಗೆದದ್ದು. ಸಾಮ್ರಾಟರ ಸಮಾಧಿಗಳಿರುವ ಸೀಮೆಯ ಹತ್ತಿರ ಉಗಿಬಂಡಿ ಓಡಿದರೆ ಅಲ್ಲಿನ ಶಾಂತಿ ಕದಡುತ್ತದೆ ಎಂಬ ಆಕ್ಷೇಪವಿದ್ದುದರಿಂದ, ಗಣಿಯ ಹಳಿಯ ಮೇಲೆ ಮೊದಲು ವ್ಯಾಗನ್ನುಗಳನ್ನು ಹೇಸರಗತ್ತೆಗಳಿಂದ ಎಳೆಸುವ ಏರ್ಪಾಡಾಗಿತ್ತು. ಬರ್ನೆಟ್ ಅವರ ಪತ್ನಿ ಕಿಂಡರನ ಉಗಿಬಂಡಿಗೆ ಇಂಗ್ಲಿಷಿನಲ್ಲಿ ಚೀನಾದ ರಾಕೆಟ್ ಎಂದು ಹೆಸರಿಟ್ಟರು. ಕೆಲಸಗಾರರು ಅದರ ಪಕ್ಕಕ್ಕೆ ಹಿತ್ತಾಳೆಯ ಡ್ರ್ಯಾಗನ್ ಜಡಿದು ಡ್ರ್ಯಾಗನ್ ಎಂದೇ ಕರೆದರು.

1900ರಲ್ಲಿ ವಿದೇಶೀಯರ ವಿರುದ್ಧ ಬಾಕ್ಸರ್ ದಂಗೆಯೆದ್ದು ವಿದೇಶೀ ಸೇನೆಗಳು ಟಿಯಾಂಜಿನ್‌ಗೆ ನುಗ್ಗಿದ ಗದ್ದಲದಲ್ಲಿ ಗಣಿಯ ಒಡೆತನವೇ ಬದಲಾಯಿತು. ಬೆವಿಕ್ ಮೊರಿಂಗ್ ಎಂಬ ಲಂಡನ್ ಸಂಸ್ಥೆಯ ಪರವಾಗಿ ಕರಾರು ಕುದುರಿಸಿದ ಯುವ ಇಂಜಿನಿಯರ್ ಹರ್ಬರ್ಟ್ ಹೂವರ್, ಮುಂದೆ 1929ರಲ್ಲಿ ಅಮೆರಿಕದ ಅಧ್ಯಕ್ಷನಾದ ಅದೇ ಹೂವರ್. ಗಣಿಯ ನಿರ್ದೇಶಕ ಝಾಂಗ್ ಯಾನ್‌ಮಾವೊ ತನಗೆ ಕೊಟ್ಟ ಮಾತು ಉಳಿಸಿಕೊಂಡಿಲ್ಲವೆಂದು ಲಂಡನ್ನಿನ ನ್ಯಾಯಾಲಯಕ್ಕೆ ಹೋಗಿ, 1905ರಲ್ಲಿ ತನ್ನ ಪರವಾಗಿ ತೀರ್ಪನ್ನೂ ಪಡೆದ. ಗಣಿ ಮಾತ್ರ ಕೈಗೆ ಮರಳಲಿಲ್ಲ. 1912ರಲ್ಲಿ ಅದು ಪಕ್ಕದ ಚೀನೀ ಕಂಪನಿಯೊಂದಿಗೆ ಕೂಡಿ ಕೈಲಾನ್ ಎಂಬ ಜಂಟಿ ಆಡಳಿತವಾಯಿತು.

ಈಗ ಕೈಪಿಂಗ್‌ನ 1880ರ ದಶಕದ ಒಂದು ಚಿತ್ರವನ್ನೂ 1905ರ ಸುಮಾರಿನ ಒಂದು ಚಿತ್ರವನ್ನೂ ಅಕ್ಕಪಕ್ಕ ಇಟ್ಟರೆ, ಎರಡರಲ್ಲೂ ನಡುವೆ ನಿಂತಿರುವವನು ಟೋಪಿಯ ಐರೋಪ್ಯನೇ ಆಗಿರಬಹುದು. ಮೊದಲನೆಯದರಲ್ಲಿ ಅವನು ನೌಕರ, ಎರಡನೆಯದರಲ್ಲಿ ಯಜಮಾನನ ಕಡೆಯವನು. ಚಿತ್ರದೊಳಗೆ ಈ ವ್ಯತ್ಯಾಸ ಎಲ್ಲೂ ಇಲ್ಲ. ಅದು ಇರುವುದು ಕರಾರಿನಲ್ಲಿ. ಆದ್ದರಿಂದ ಚಿತ್ರ ಸುಳ್ಳು ಹೇಳುತ್ತದೆ ಎನ್ನಲಾರೆ. ಯಾರು ಯಾರ ಆಳು ಎಂಬುದನ್ನು ಅದರಿಂದ ಓದಲು ಹೋಗಬಾರದು ಎನ್ನುತ್ತೇನೆ.


ಪ್ರಶ್ನೆ ಕೇಳಿದವರಿಂದ: ಸರಸ್ವತಿಪುರಂ ಓದುಗಿ

ಇಬ್ಬರಿಗೂ ವಂದನೆಗಳು. ಕೈಪಿಂಗ್ ಗಣಿಯನ್ನೇ ಗೋಷ್ಠಿಯ ನಡುವಿಗೆ ತರುತ್ತೇನೆ. ಆದರೆ ನೌಕರನೋ ಯಜಮಾನನೋ ಎಂದು ತಿಳಿಯಲು ಮೊದಲು ಚಿತ್ರದ ಕಾಲ ತಿಳಿಯಬೇಕಲ್ಲವೆ? ಶೀರ್ಷಿಕೆ ಇಲ್ಲದ, ಇದ್ದರೂ ಯಾರೋ ಆಮೇಲೆ ಬರೆದಂತೆ ಕಾಣುವ ಚಿತ್ರಗಳೇ ಜಾಸ್ತಿ. ಒಳಗಿನ ಗುರುತುಗಳಿಂದಲೇ ಕಾಲ ಮತ್ತು ಸ್ಥಳ ಹಿಡಿಯುವ ಉಪಾಯಗಳಿದ್ದರೆ ತಿಳಿಸಿ. ಸಹಾಯಕರ ಹೆಸರಿನ ಪ್ರಶ್ನೆಯೂ ಹಾಗೇ ಉಳಿದಿದೆ.


ಉತ್ತರ: ನಿವೃತ್ತ ಇಂಜಿನಿಯರ್, ಮಂಡ್ಯ

ಮೇಡಂ, ನಾನು ವಿದ್ಯುತ್ ಇಲಾಖೆಯಲ್ಲಿ ಕೆಲಸ ಮಾಡಿದವನು. ಯಂತ್ರ, ಹಳಿ, ಕಂಬ ಇವುಗಳ ಕಡೆಯಿಂದ ಹೇಳುತ್ತೇನೆ.

ಮೊದಲು ಹಳಿಯ ಅಗಲ ನೋಡಿ. ಟಾಂಗ್‌ಶಾನ್‌ನಲ್ಲಿ ಕಿಂಡರ್ ಹಟ ಹಿಡಿದು 1,435 ಮಿಲಿಮೀಟರಿನ ಅಗಲವನ್ನೇ ಹಾಕಿಸಿದ್ದರಿಂದ ಚೀನಾದ ಮುಖ್ಯ ರೈಲುಮಾರ್ಗಗಳೆಲ್ಲ ಆಮೇಲೆ ಅದನ್ನೇ ಅನುಸರಿಸಿದವು. ಆದರೆ ಶಾನ್‌ಶಿಯ ರಾಜಧಾನಿ ತೈಯುವಾನ್‌ಗೆ ಫ್ರೆಂಚರು 1907ರಲ್ಲಿ ಮುಗಿಸಿದ ಮಾರ್ಗ ಮೀಟರ್ ಗೇಜ್. ಹೈಫಾಂಗ್ ಬಂದರಿನಿಂದ ಯುನ್ನಾನಿನ ಕುನ್‌ಮಿಂಗ್‌ಗೆ ಅವರೇ ಹಾಕಿ 1910ರಲ್ಲಿ ಆರಂಭಿಸಿದ್ದೂ ಮೀಟರ್ ಗೇಜ್. ಬೆಂಗಳೂರು–ಮೈಸೂರು ರೈಲಿನಲ್ಲಿ ಮಂಡ್ಯದಿಂದ ಓಡಾಡಿದ ನಮ್ಮ ವಯಸ್ಸಿನವರಿಗೆ ಮೀಟರ್ ಗೇಜಿನ ಮೇಲೆ ನಿಂತ ಬೋಗಿಯ ಚಹರೆ ಕಂಡ ಕೂಡಲೇ ಗುರುತು ಸಿಗುತ್ತದೆ: ಡಬ್ಬಿ ಅಗಲ, ಹಳಿ ಕಿರಿದು, ಎರಡೂ ಪಕ್ಕ ಹೊರಚಾಚಿದಂತೆ. ಶಾನ್‌ಶಿ ಎಂದು ಹೇಳುವ ಚಿತ್ರದಲ್ಲಿ ಅಗಲ ಹಳಿ ಕಂಡರೆ ಶೀರ್ಷಿಕೆಯನ್ನು ಅನುಮಾನಿಸಿ. ಗಣಿಯೊಳಗಿನ ತಳ್ಳುಬಂಡಿಯ ಹಳಿಗಳು ಇನ್ನೂ ಕಿರಿದಾಗಿರುತ್ತವೆ, ಅವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಎರಡನೆಯ ಗುರುತು ಜಡೆ. ಚಿಂಗ್ ಅರಸರ ಆಳ್ವಿಕೆಯಲ್ಲಿ ಗಂಡಸರು ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡುವುದು ಕಡ್ಡಾಯವಾಗಿತ್ತು. 1911ರ ಕ್ರಾಂತಿಯ ನಂತರ ಅದನ್ನು ಕತ್ತರಿಸತೊಡಗಿದರು. ಗಣಿಯ ಗುಂಪಿನಲ್ಲಿ ಯಾರಿಗೂ ಜಡೆ ಇಲ್ಲದಿದ್ದರೆ ಚಿತ್ರ ಬಹುಮಟ್ಟಿಗೆ 1912ರ ಈಚಿನದು. ಆದರೆ ಜಡೆ ಇದ್ದ ಮಾತ್ರಕ್ಕೆ ಹಿಂದಿನದೆಂದು ತೀರ್ಮಾನಿಸಬೇಡಿ, ಹಳ್ಳಿಗಾಡಿನವರು ಎಷ್ಟೋ ವರ್ಷ ಉಳಿಸಿಕೊಂಡಿದ್ದರು. ಕೆಲಸಗಾರರು ಜಡೆಯನ್ನು ತಲೆಗೆ ಸುತ್ತಿ ಮೇಲೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದುದರಿಂದ ಕಾಣದೆಯೂ ಇರಬಹುದು.

ಗಂಗೋತ್ರಿಯವರ ಮಾತಿಗೆ ನನ್ನ ಕಡೆಯಿಂದಲೂ ಒಂದು ಉದಾಹರಣೆ ಸೇರಿಸುತ್ತೇನೆ. ಹಾನ್ಯಾಂಗ್ ಉಕ್ಕಿನ ಕಾರ್ಖಾನೆಯ ಚಿತ್ರಗಳು ನಿಮ್ಮ ಕಣ್ಣಿಗೆ ಬಿದ್ದೇ ಇರುತ್ತವೆ: ಯಾಂಗ್‌ಟ್ಸಿಯ ಬಳಿ ಸಾಲು ಹೊಗೆಕೊಳವೆ, ಊದುಕುಲುಮೆ, ನೋಡಿದರೆ ಯುರೋಪಿನ ಯಾವುದೋ ಊರೆನ್ನಬೇಕು. ಪ್ರಾಂತಾಧಿಪತಿ ಝಾಂಗ್ ಝಿಡೊಂಗ್ ಕಟ್ಟಿಸಿದ ಇದು 1894ರಲ್ಲಿ ಕಬ್ಬಿಣ ಕೊಡತೊಡಗಿತು. ಅದಿರು ಬರುತ್ತಿದ್ದುದು ಡಾಯೆ ಗಣಿಯಿಂದ. ಅದಿರನ್ನು ಸರಿಯಾಗಿ ಪರೀಕ್ಷಿಸುವ ಮೊದಲೇ ಇಂಗ್ಲೆಂಡಿನಿಂದ ಕಬ್ಬಿಣವನ್ನು ಉಕ್ಕಾಗಿಸುವ ಬೆಸೆಮರ್ ಕುಲುಮೆಗಳನ್ನು ತರಿಸಿಬಿಟ್ಟಿದ್ದರು. ಡಾಯೆಯ ಅದಿರಿನಲ್ಲಿ ರಂಜಕ ಹೆಚ್ಚು, ಆಮ್ಲೀಯ ಇಟ್ಟಿಗೆ ಹೊದಿಸಿದ ಬೆಸೆಮರ್ ಕುಲುಮೆಗೆ ರಂಜಕವನ್ನು ತೆಗೆಯುವ ಶಕ್ತಿಯಿಲ್ಲ. ಹೀಗಾಗಿ ಎರಕವಾದ ಹಳಿಗಳು ಪೆಡಸಾಗಿ ಬಿರುಕು ಬಿಡುತ್ತಿದ್ದವು. 1904ರಲ್ಲಿ ಅದಿರು, ಉಕ್ಕುಗಳ ಮಾದರಿಯನ್ನು ವಿದೇಶಕ್ಕೆ ಒಯ್ದು ಪರೀಕ್ಷೆ ಮಾಡಿಸಿದ ಮೇಲೆಯೇ ರೋಗ ಪತ್ತೆಯಾಗಿ, ಬೇರೆ ಬಗೆಯ ಕುಲುಮೆಗಳನ್ನು ಹಾಕಿಸಿದರು. ಅಷ್ಟರಲ್ಲಿ ಹಣದ ಮುಗ್ಗಟ್ಟು ಬಂದು, ಅದೇ ವರ್ಷ ಜಪಾನಿನಿಂದ 30 ಲಕ್ಷ ಯೆನ್ ಸಾಲ ತೆಗೆದು, ಪ್ರತಿಯಾಗಿ ಡಾಯೆಯ ಅದಿರನ್ನು ಜಪಾನಿನ ಯವಾತಾ ಉಕ್ಕಿನ ಕಾರ್ಖಾನೆಗೆ ಕಳಿಸುವ ಕರಾರಿಗೆ ಸಿಕ್ಕಿಕೊಂಡರು. ಹೊಗೆಕೊಳವೆಯ ಚಿತ್ರದಲ್ಲಿ ರಂಜಕವೂ ಕಾಣುವುದಿಲ್ಲ, ಸಾಲವೂ ಕಾಣುವುದಿಲ್ಲ. ಇಂಜಿನಿಯರನ ಕಣ್ಣಿಗೆ ಅದು ಬಹಳ ಸುಂದರವಾದ ಚಿತ್ರ ಎಂಬುದೂ ನಿಜ.

ವಿಷಯ ಸ್ವಲ್ಪ ಜರುಗಿದರೂ ಒಂದು ಮಾತು. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿಸಿದ ಯೋಜನೆಯ ಹಿಂದಿದ್ದ ಸೇನಾ ಇಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್. ಅವರ ತಾತ ಪಿಯರ್ ಗುಸ್ತಾವ್ 1839ರಲ್ಲೇ ಅಥೆನ್ಸಿನ ಪಾರ್ಥೆನಾನ್ ದೇಗುಲವನ್ನು ಡಾಗೆರೋಟೈಪ್ ಎಂಬ ಆರಂಭಕಾಲದ ಛಾಯಾಚಿತ್ರ ವಿಧಾನದಲ್ಲಿ ಹಿಡಿದ, ಲೋಕದ ಮೊದಲ ಪಯಣಿಗ ಛಾಯಾಗ್ರಾಹಕರಲ್ಲಿ ಒಬ್ಬರು. ನಿಮ್ಮ ಬಳಗದವರಿಗೆ ಇಷ್ಟವಾಗಬಹುದೆಂದು ಬರೆದೆ.


ಉತ್ತರ: ಗಂಗೋತ್ರಿ ಸಂಶೋಧಕ, ಮೈಸೂರು

ಸಹಾಯಕರ ಹೆಸರಿನ ಪ್ರಶ್ನೆಗೆ ಬರುತ್ತೇನೆ. ಭೂವಿಜ್ಞಾನಿಗಳ ಚಿತ್ರಗಳಲ್ಲಿ ಬಂಡೆಯ ಪಕ್ಕ ಒಬ್ಬ ಮನುಷ್ಯನನ್ನು ನಿಲ್ಲಿಸುವುದು ರೂಢಿ, ಬಂಡೆ ಎಷ್ಟೆತ್ತರ ಎಂದು ನೋಡುವವನಿಗೆ ಅಂದಾಜು ಸಿಗಲೆಂದು. ಅಂಥ ಚಿತ್ರದಲ್ಲಿ ಮನುಷ್ಯ ಅಳತೆಗೋಲು, ಅವನ ಹೆಸರಿನ ಅಗತ್ಯ ಯಾರಿಗೂ ಕಂಡಿರಲಿಲ್ಲ. ಇದು ತಾಂತ್ರಿಕ ಮಿತಿಯಲ್ಲ ಎಂದು ಡಾರ್ಕ್‌ರೂಮ್ ಸರ್ ಕೂಡ ಒಪ್ಪುತ್ತಾರೆಂದು ಭಾವಿಸುತ್ತೇನೆ. ಹೆಸರು ಬರೆಯಲು ಮೆಗ್ನೀಷಿಯಂ ಬೇಕಿರಲಿಲ್ಲ.

ಅದಕ್ಕಿಂತ ಎಷ್ಟೋ ಹಿಂದೆ ಮೈಸೂರು ಸೀಮೆಯನ್ನು ಸರ್ವೆ ಮಾಡಿದ ಕಾಲಿನ್ ಮೆಕೆಂಜಿಯನ್ನು ಥಾಮಸ್ ಹಿಕಿ 1816ರಲ್ಲಿ ಬಿಡಿಸಿದ ತೈಲಚಿತ್ರದಲ್ಲಿ ಮೂವರು ಭಾರತೀಯ ಸಹಾಯಕರಿದ್ದಾರೆ, ದೂರದರ್ಶಕ ಹಿಡಿದವನ ಹೆಸರು ಕಿಷ್ಟನಾಜಿ ಎಂದು ಉಳಿದಿದೆ. ಕುಂಚಕ್ಕೆ ಸಾಧ್ಯವಾದದ್ದು ಕ್ಯಾಮೆರಾದ ಕಾಲಕ್ಕೆ ಏಕೆ ಅಪರೂಪವಾಯಿತು ಎಂಬುದನ್ನು ನಿಮ್ಮ ಬಳಗದಲ್ಲಿ ಚರ್ಚೆಗೆ ಇಡಬಹುದು.

ಚೀನಾದಲ್ಲೂ ಹೆಸರು ಉಳಿದ ಒಬ್ಬ ಸಹಾಯಕನಿದ್ದಾನೆ, ಮತ್ತು ಅವನು ಭಾರತೀಯ. ಹೊಲಿಗೆ ಯಂತ್ರದ ಸಿಂಗರ್ ಸಂಪತ್ತಿನ ವಾರಸುದಾರ ರಾಬರ್ಟ್ ಸ್ಟರ್ಲಿಂಗ್ ಕ್ಲಾರ್ಕ್ 1908–09ರಲ್ಲಿ ಶಾನ್‌ಶಿಯಿಂದ ಗಾನ್ಸುವರೆಗೆ ಒಂದು ಸರ್ವೆ ತಂಡವನ್ನು ಒಯ್ದ. ಅದರ ಸರ್ವೆಯರ್ ಹಜರತ್ ಅಲಿ. 1909ರಲ್ಲಿ ಗಾನ್ಸು ಪ್ರಾಂತದಲ್ಲಿ ಕೆಲಸದ ಮೇಲಿದ್ದಾಗಲೇ ಅವನ ಕೊಲೆಯಾಯಿತು, ತಂಡ ಪಯಣವನ್ನು ಅಲ್ಲಿಗೇ ನಿಲ್ಲಿಸಿ ಹಿಂತಿರುಗಿತು. 1912ರಲ್ಲಿ ಬಂದ ತಂಡದ ವರದಿಗ್ರಂಥದಲ್ಲಿ ಅವನ ಹೆಸರಿದೆ. ಅಪರಿಚಿತನೊಬ್ಬ ನೆಲ ಅಳೆಯಲು ಬಂದರೆ ಹಳ್ಳಿಗರಿಗೆ ದಿಗಿಲಾಗುವುದು ಸಹಜ. ನೆಲದ ನರನಾಡಿ ಕಡಿಯುತ್ತದೆ, ಪೂರ್ವಿಕರ ಗೋರಿ ಕದಲುತ್ತದೆ ಎಂಬ ನಂಬಿಕೆ ಒಂದೆಡೆ, ಅಳತೆಯ ಹಿಂದೆಯೇ ರೈಲು, ಗಣಿ, ಸೈನ್ಯ ಬಂದದ್ದನ್ನು ಕಣ್ಣಾರೆ ಕಂಡ ಅನುಭವ ಇನ್ನೊಂದೆಡೆ. ಅದರ ಪೆಟ್ಟು ಬಿದ್ದದ್ದು ಹಣ ಹೂಡಿದವನ ಮೇಲಲ್ಲ, ಉಪಕರಣ ಹಿಡಿದವನ ಮೇಲೆ.

ಇನ್ನೊಂದು ಕಡೆಯ ಚಿತ್ರಗಳನ್ನೂ ನಿಮ್ಮ ಗೋಷ್ಠಿಗೆ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಇಡೀ ಕಥೆ ಟೋಪಿಯವರದ್ದೇ ಆಗಿಬಿಡುತ್ತದೆ. ಹುಡುಗನಾಗಿದ್ದಾಗ 1872ರಲ್ಲಿ ಅಮೆರಿಕಕ್ಕೆ ಹೋಗಿ, ಯೇಲ್‌ನಲ್ಲಿ ಓದಿ, ಊರಿಗೆ ಮರಳಿ ಕಿಂಡರನ ಕೈಕೆಳಗೆ ಕೆಲಸ ಮಾಡಿದ ಝಾನ್ ಟಿಯಾನ್ಯೌ ಎಂಬ ಇಂಜಿನಿಯರ್, ಬೀಜಿಂಗಿನಿಂದ ಝಾಂಗ್‌ಜಿಯಾಕೌಗೆ ಸುಮಾರು 200 ಕಿಲೋಮೀಟರಿನ ರೈಲುಮಾರ್ಗವನ್ನು ವಿದೇಶೀ ಇಂಜಿನಿಯರುಗಳಿಲ್ಲದೆ 1905ರಿಂದ 1909ರ ನಡುವೆ ಕಟ್ಟಿ ಮುಗಿಸಿದ. ಮಹಾಗೋಡೆಯ ಕೆಳಗೆ ಬಾದಾಲಿಂಗ್‌ನಲ್ಲಿ 1,091 ಮೀಟರ್ ಸುರಂಗವನ್ನು ಎರಡೂ ತುದಿಗಳಿಂದಲೂ, ಮೇಲಿನಿಂದ ಬಾವಿ ಇಳಿಸಿಯೂ ಕೊರೆಸಿದ. ಮೆಂಟೌಗೌ ಕಲ್ಲಿದ್ದಲಿಗೆಂದೇ ಒಂದು ಕವಲು ಮಾರ್ಗವನ್ನೂ ಹಾಕಿಸಿದ. ಒಂಟೆಗಳ ಕೆಲಸ ಕಡಿಮೆಯಾದದ್ದು ಆಗಿನಿಂದ. ಈ ಕಾಮಗಾರಿಯ ಚಿತ್ರಗಳನ್ನು ತೆಗೆದು ಆಲ್ಬಂ ಮಾಡಿಕೊಟ್ಟದ್ದು ತೊಂಗ್‌ಶೆಂಗ್ ಎಂಬ ಚೀನೀ ಸ್ಟುಡಿಯೊ. ಇವನ್ನು ನೋಡಬೇಕಾಗಿದ್ದವರು ಲಂಡನ್ನಿನ ಷೇರುದಾರರಲ್ಲ, ತಮ್ಮವರಿಂದ ಇದಾಗುವುದೇ ಎಂದು ಅನುಮಾನಿಸುತ್ತಿದ್ದ ಸ್ವದೇಶದ ಅಧಿಕಾರಿಗಳು, ಓದುಗರು. ಇಲ್ಲೂ ಸೇತುವೆ, ನಿಲ್ದಾಣ, ಸುರಂಗದ ಬಾಯಿ ಇವೇ ಪ್ರಧಾನ, ಕೂಲಿಯವರು ಇಲ್ಲಿಯೂ ದೂರದಲ್ಲೇ ಇದ್ದಾರೆ. ಆ ಮಟ್ಟಿಗೆ ದೇಶೀ ಆಲ್ಬಂಗೂ ವಿದೇಶೀ ಆಲ್ಬಂಗೂ ನಾನು ದೊಡ್ಡ ಭೇದ ಕಾಣೆ.

ಕೆಲಸಗಾರರನ್ನು ಹತ್ತಿರದಿಂದ ನೋಡಬೇಕೆಂದರೆ ಯುನ್ನಾನ್ ರೈಲಿನ ಕಡೆ ಹುಡುಕಿ. ಅಲ್ಲಿ ಗುತ್ತಿಗೆದಾರನ ಲೆಕ್ಕಪತ್ರ ನೋಡಿಕೊಳ್ಳಲು ಬಂದಿದ್ದ ಜಾರ್ಜ್ ಒಗ್ಯುಸ್ತ್ ಮಾರ್ಬೋತ್ ಎಂಬ ಫ್ರೆಂಚನು ತನ್ನ ಹವ್ಯಾಸಕ್ಕೆ ತೆಗೆದ ಚಿತ್ರಗಳಿವೆ. ಆ ಮಾರ್ಗದ ಕಾಮಗಾರಿಯಲ್ಲಿ ಸತ್ತ ಕೂಲಿಯವರು ಕಡಿಮೆ ಅಂದಾಜಿನಲ್ಲೇ 12,000. ಕಂಪನಿಯ ಆಲ್ಬಂ ಒಂದು ಕೈಯಲ್ಲಿ, ಲೆಕ್ಕಿಗನ ಚಿತ್ರ ಇನ್ನೊಂದು ಕೈಯಲ್ಲಿ ಹಿಡಿದು ನೋಡಿದರೆ, ಯಾರಿಗಾಗಿ ತೆಗೆದದ್ದು ಎಂಬ ಪ್ರಶ್ನೆಯ ತೂಕ ತಿಳಿಯುತ್ತದೆ.


ಉತ್ತರ: ಹಳೇ ಡಾರ್ಕ್‌ರೂಮ್, ಕುವೆಂಪುನಗರ

ಹೆಸರಿನ ವಿಷಯದಲ್ಲಿ ಗಂಗೋತ್ರಿಯವರ ಮಾತು ಒಪ್ಪಿದೆ. ಅನಿಲದ ವಿಷಯದಲ್ಲಿ ನನ್ನ ಪಟ್ಟು ಸಡಿಲಿಸುವುದಿಲ್ಲ.

ಮೇಡಂ, ಪರದೆಗೆ ಹಾಕುವಾಗ ಒಂದು ಎಚ್ಚರಿಕೆ. ಸಂಗ್ರಹದವರು ಕೊಡುವ ದೊಡ್ಡ ಗಾತ್ರದ ಪ್ರತಿಯನ್ನೇ ಇಳಿಸಿಕೊಳ್ಳಿ ಮತ್ತು ಅಂಚುಗಳನ್ನು ಕತ್ತರಿಸಬೇಡಿ. 1870ರಿಂದ 1889ರವರೆಗೆ ಬೀಜಿಂಗಿನಲ್ಲಿ ಚೀನೀ ಸುಂಕ ಇಲಾಖೆಯ ಗ್ಯಾಸ್ ಇಂಜಿನಿಯರಾಗಿದ್ದ ಥಾಮಸ್ ಚೈಲ್ಡ್ ತನ್ನ ಎಷ್ಟೋ ನೆಗೆಟಿವ್‌ಗಳ ಮೇಲೆಯೇ ಸಹಿ, ಸಂಖ್ಯೆ, ಕೆಲವಕ್ಕೆ ಇಸವಿಯನ್ನೂ ಗೀಚಿಟ್ಟಿದ್ದಾನೆ. ಅಂಚು ಕತ್ತರಿಸಿದ ಪ್ರತಿಗಳಲ್ಲಿ ಅದೆಲ್ಲ ಹೋಗಿ, ಆಮೇಲೆ ಯಾರೋ ಊಹೆಯಿಂದ ಬರೆದ ಕಾಲವೇ ಗಟ್ಟಿಯಾಗಿಬಿಡುತ್ತದೆ. ಬೆಳಕು ಹೆಚ್ಚಿಸಿ ನೋಡಿದರೆ ನೆರಳಿನಲ್ಲಿ ನಿಂತವರೂ ಕಾಣುತ್ತಾರೆ. ನೀವು ಹೇಳಿದ ಸರ್ವೆ ಚಿತ್ರಕ್ಕೆ ಮೊದಲು ಅದನ್ನು ಮಾಡಿ, ಇಬ್ಬರ ಹಿಂದೆ ಇನ್ನೂ ಯಾರಾದರೂ ಇದ್ದಾರೆಯೇ ನೋಡಿ.


ಪ್ರಶ್ನೆ ಕೇಳಿದವರಿಂದ: ಸರಸ್ವತಿಪುರಂ ಓದುಗಿ

ನೋಡಿದೆ ಸರ್. ಎಡಗಡೆ ಮರದ ನೆರಳಿನಲ್ಲಿ ಮೂರನೆಯವನೊಬ್ಬ ಕುಳಿತಿದ್ದಾನೆ, ಪಕ್ಕದಲ್ಲಿ ಪೆಟ್ಟಿಗೆ ಇದೆ, ಬಹುಶಃ ಉಪಕರಣದ್ದು. ಹಳಿ ಇಲ್ಲದ್ದರಿಂದ ಮಂಡ್ಯದ ಸರ್ ಹೇಳಿದ ಗುರುತು ಇದಕ್ಕೆ ಉಪಯೋಗವಾಗಲಿಲ್ಲ, ಆದರೆ ಅಳತೆಗೋಲಿನವರಿಬ್ಬರಿಗೂ ಜಡೆ ಇದೆ. ಕೊನೆಯದಾಗಿ ಒಂದು ಕೇಳಿಬಿಡುತ್ತೇನೆ: ಇವನ್ನು ಕೈಹೊತ್ತಿಗೆಯಲ್ಲಿ ಅಚ್ಚು ಹಾಕಿಸಿ ಹಂಚಿದರೆ ಹಕ್ಕಿನ ತೊಡಕು ಇದೆಯೆ?


ಉತ್ತರ: ನಿವೃತ್ತ ಇಂಜಿನಿಯರ್, ಮಂಡ್ಯ

ನಮ್ಮ ದೇಶದ ಕಾನೂನಿನಲ್ಲಿ 2012ರ ತಿದ್ದುಪಡಿಯವರೆಗೆ ಛಾಯಾಚಿತ್ರದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇತ್ತು, ಈಗ ತೆಗೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಆಗಲೇ ಪ್ರಕಟವಾಗಿದ್ದ 1910ರ ಚಿತ್ರದ ಹಕ್ಕು ಹಳೆಯ ಲೆಕ್ಕದಲ್ಲೇ ಮುಗಿದಿರುವುದರಿಂದ ಅದಕ್ಕೆ ಆ ತೊಡಕಿಲ್ಲ. ಆದರೆ ಯಾರದೋ ಮನೆಯ ಆಲ್ಬಂನಲ್ಲಿದ್ದು ಇತ್ತೀಚೆಗೆ ಮೊದಲ ಬಾರಿಗೆ ಹೊರಬಂದ ಚಿತ್ರಗಳಿಗೆ ಈ ಲೆಕ್ಕ ಬೇರೆಯಾಗುತ್ತದೆ, ಮತ್ತು ಸಂಗ್ರಹ ಇಟ್ಟುಕೊಂಡ ಸಂಸ್ಥೆಗಳು ತಮ್ಮ ಪ್ರತಿಯ ಬಳಕೆಗೆ ತಮ್ಮದೇ ನಿಯಮ ಹಾಕಿರುತ್ತವೆ. ಪ್ರತಿ ಚಿತ್ರದ ಪುಟದ ಕೆಳಗೆ ಅದನ್ನು ಬರೆದಿರುತ್ತಾರೆ. ಅಚ್ಚಿಗೆ ಕೊಡುವ ಮೊದಲು ಒಂದು ಮಿಂಚಂಚೆ ಕಳಿಸಿ ಕೇಳಿಬಿಡಿ.